ಜಾಂಬಳವಾಡಿಯ ಮಂಗ್ಯಾನ ಮಣ್ಣು

2025ರ ಫೆಬ್ರುವರಿ 10, ಸೋಮವಾರ. ಬೆಳಿಗ್ಗೆ 9:40ಕ್ಕೆ ಧೂಳಮ್ಮ ಜಾಂಬಳವಾಡಿ ಠಾಣೆಯ ಮೆಟ್ಟಿಲು ಹತ್ತಿದಳು. ಬಸವಕಲ್ಯಾಣಕ್ಕೂ ಹುಮನಾಬಾದಿಗೂ ನಡುವೆ, ಹೆದ್ದಾರಿಯ ಮಗ್ಗುಲಲ್ಲಿರುವ ಸಣ್ಣ ಠಾಣೆ ಅದು. ಹತ್ತು ನಿಮಿಷ ಅವಳನ್ನು ಯಾರೂ ಮಾತಾಡಿಸಲಿಲ್ಲ. ಕುರಿ ಕಾಯುವವರು ಠಾಣೆಗೆ ಬಂದರೆ ಕುರಿ ಕಳುವಾಗಿದೆ ಎಂದೇ ಪೊಲೀಸರ ಲೆಕ್ಕ. ಅದಕ್ಕೆ ಅವಸರವೇನು!

ಕೊನೆಗೆ ಮಹಿಳಾ ಕಾನ್‌ಸ್ಟೆಬಲ್ ಸರಿತಾ ತಲೆ ಎತ್ತಿದಳು. "ಎಷ್ಟು ಕುರಿ ಹೋಗ್ಯಾವ ಅಕ್ಕಾ?"

"ಕುರಿ ಎಲ್ಲಾ ಅದಾವ. ಗಂಡ ಇಲ್ಲ."

ಇನ್‌ಸ್ಪೆಕ್ಟರ್ ಗೋವರ್ಧನ ಒಳಗಿನಿಂದ ಅದನ್ನು ಕೇಳಿ ಹೊರಗೆ ಬಂದ. ನಲವತ್ತೆಂಟು ವರ್ಷದ, ಕೈ ಬೇಗ ಏಳುವ ಮನುಷ್ಯ. ಮೊದಲು ಹೊಡೆದು ಆಮೇಲೆ ಕೇಳುತ್ತಾನೆ ಎಂದು ಠಾಣೆಯವರೇ ಆಡಿಕೊಳ್ಳುತ್ತಿದ್ದರು. ಆ ಮಾತು ಅವನ ಕಿವಿಗೆ ಬಿದ್ದಿತ್ತು. ಅದನ್ನು ಹೊಗಳಿಕೆ ಎಂದೇ ತಿಳಿದಿದ್ದ.

"ಗಂಡನ ಹೆಸರು?"

"ಪಂಡರಿ."

"ಯಾವಾಗಿಂದ ಇಲ್ಲ?"

"ಶನಿವಾರ ಹೊತ್ತು ಹುಟ್ಟೂದ್ರಾಗಿಂದ."

"ಇವತ್ತ ಸೋಮವಾರ. ಎರಡು ದಿನ ಮಲಗಿದ್ದೇನು?"

ಧೂಳಮ್ಮ ಹೆದರಲಿಲ್ಲ. "ಶನಿವಾರ ಊರಾಗ ಹನುಮಪ್ಪನ ಮಣ್ಣು ಇತ್ತರಿ. ಅದಕ್ಕ ಊರಿಗೆ ಬಂದಾನ ಅಂತ ಹಟ್ಟ್ಯಾಗಿನವರು ತಿಳದ್ರು. ಕುರಿ ಹಟ್ಟ್ಯಾಗ ಇದ್ದಾನ ಅಂತ ಊರಾಗ ನಾ ತಿಳದೆ."

ಸರಿತಾ ಬಿಡಿಸಿ ಹೇಳಿದಳು. ಶನಿವಾರ ಮುಂಜಾನೆ ಹೆದ್ದಾರಿಯಲ್ಲಿ ಒಂದು ಪಿಕಪ್ ಗಾಡಿಗೆ ಕರಿಮೂತಿಯ ಮಂಗ್ಯಾ ಸಿಕ್ಕು ಸತ್ತಿತ್ತು. ಗಾಡಿಯವನೇ ಅದನ್ನು ಊರಿಗೆ ತಂದ. ಊರವರು ಕುರ್ಚಿಯ ಮೇಲೆ ಕೂರಿಸಿ, ಭಜನೆ ಮಾಡಿ, ಮೆರವಣಿಗೆ ತೆಗೆದು ಮಣ್ಣು ಮಾಡಿದರು. ಈ ಭಾಗದಲ್ಲಿ ಮಂಗ ಸತ್ತರೆ ಮನುಷ್ಯರಿಗೆ ಮಾಡುವುದೆಲ್ಲವನ್ನೂ ಮಾಡುತ್ತಾರೆ. ಕೆಲವು ಸಲ ಮನುಷ್ಯರಿಗಿಂತ ಹೆಚ್ಚು.

"ಫೋನ್ ಇದೆಯೇನು ಅವನ ಹತ್ರ?"

"ಅದರಿ. ಶನಿವಾರ ಮುಂಜಾನಿ ಆರೂವರಿಗೆ ಹಚ್ಚಿದೆ. ಎರಡ ಸಲ ಬಡಕೊಂತು, ಕಟ್ ಆತು. ಮತ್ತ ಹತ್ತಲಿಲ್ಲ."

"ಜಗಳ? ಕುಡಿತ?"

"ಎರಡೂ ಇಲ್ರಿ. ಇದ್ದಿದ್ರ ಇಷ್ಟ ಚಿಂತಿ ಆಗತಿರಲಿಲ್ಲ."

10:15ಕ್ಕೆ ಕಾಣೆಯಾದವರ ಪ್ರಕರಣ ದಾಖಲಾಯಿತು. ಪಂಡರಿ, ವಯಸ್ಸು 46, ಎತ್ತರ ಐದಡಿ ನಾಲ್ಕಂಗುಲ, ಮೈಮೇಲೆ ಧೋತರ, ಬಿಳಿ ಅಂಗಿ, ಕರಿ ಕಂಬಳಿ.

11:30. ಕುರಿ ಹಟ್ಟಿ ಬಿದ್ದದ್ದು ಹೆದ್ದಾರಿಯಿಂದ ಒಂದು ಫರ್ಲಾಂಗ್ ಒಳಗೆ, ತೊಗರಿ ಕೊಯ್ದ ಹೊಲದಲ್ಲಿ. ಹಿಕ್ಕೆ ಗೊಬ್ಬರಕ್ಕಾಗಿ ಹೊಲದವರು ಕುರಿ ನಿಲ್ಲಿಸಿಕೊಂಡಿದ್ದರು. ಪಂಡರಿಯ ತಮ್ಮ ಅಂಬರೀಷ ಅಲ್ಲಿದ್ದ. ಇಬ್ಬರ ಕುರಿಗಳೂ ಒಂದೇ ಬಲೆಯೊಳಗೆ ನಿಂತಿದ್ದವು.

"ಯಾವುದು ನಿಂದು, ಯಾವುದು ಅಣ್ಣಂದು? ಹ್ಯಾಂಗ ಗೊತ್ತಾಗ್ತದ?" ಗೋವರ್ಧನ ಕೇಳಿದ. ಕುರಿ ಒಂದೂ ಹೋಗಿಲ್ಲ ಎಂಬುದು ಖಾತ್ರಿಯಾಗಬೇಕಿತ್ತು.

ಅಂಬರೀಷನ ಬದಲು ಧೂಳಮ್ಮ ಒಂದು ಕುರಿಯ ಕಿವಿ ಹಿಡಿದು ತೋರಿಸಿದಳು. "ಬಲಗಿವಿಗಿ ಒಂದು ಕಚ್ಚು, ಇದು ನಮ್ಮ ಮಾವನ ಗುರುತು. ಪಾಲಾದಾಗ ಇವರು ಮ್ಯಾಲೊಂದು ಕಚ್ಚು ಹಾಕಿದ್ರು. ಮೈದುನ ಕೆಳಗೊಂದು ಹಾಕ್ದ. ಮಾವನ ಅಣ್ಣನ ಮಕ್ಕಳದು ಎಡಗಿವಿ. ಕಿವಿ ನೋಡಿದ್ರ ಯಾರ ಮನಿ, ಯಾವಾಗ ಬ್ಯಾರಿ ಆದ್ರು, ಎಲ್ಲಾ ತಿಳೀತದ."

ಪಂಡರಿಯ ನಲವತ್ತಮೂರು ಕುರಿಗಳೂ ಇದ್ದವು. ಕಳ್ಳತನದ ಮಾತು ಅಲ್ಲಿಗೆ ಮುಗಿಯಿತು.

"ಅಣ್ಣ ಎದ್ದು ಎಲ್ಲಿಗೆ ಹೋದ?"

"ರೋಡಿನ ಆಚಿ ಹೋಟಲಿಗಿ, ಚಾ ತರಾಕ. ಐದೂವರಿ ಆಗಿತ್ತರಿ. ಡಬರಿ ಒಯ್ದಿದ್ದ."

ಹೋಟೆಲಿನವನು ಶನಿವಾರ ಪಂಡರಿ ಬಂದೇ ಇಲ್ಲ ಎಂದ. ಹಾಗಾದರೆ ಹಟ್ಟಿಗೂ ಹೋಟೆಲಿಗೂ ನಡುವೆ ಏನೋ ಆಗಿದೆ. ನಡುವೆ ಇರುವುದು ಹೆದ್ದಾರಿ.

12:20ಕ್ಕೆ ಹೆದ್ದಾರಿಯ ಅಂಚಿನಲ್ಲಿ ಗೋವರ್ಧನ ಕಂಡದ್ದು ಸೆಗಣಿಯಿಂದ ಸಾರಿಸಿದ ನೆಲ, ಅರಿಶಿನ, ಕುಂಕುಮ, ಸಿಂಧೂರ ಬಳಿದ ಒಂದು ಕಲ್ಲು, ಉರಿದು ಬೂದಿಯಾದ ಊದುಬತ್ತಿ.

"ಇದೇನೋ?" ಅಂಬರೀಷನನ್ನು ಕೇಳಿದ.

"ಹನುಮಪ್ಪ ಜೀವ ಬಿಟ್ಟ ಜಾಗಾರಿ. ರಕ್ತ ಬಿದ್ದಿತ್ತು. ತುಳೀಬಾರದು ಅಂತ ಹೆಂಗಸರು ತೊಳದು ಪೂಜಿ ಮಾಡ್ಯಾರ."

ಗೋವರ್ಧನ ಕಲ್ಲನ್ನು ಒದೆಯಲು ಕಾಲೆತ್ತಿದವನು ತಡೆದುಕೊಂಡ. ಹೆಡ್ ಕಾನ್‌ಸ್ಟೆಬಲ್ ಅಜೀಮುದ್ದೀನ್ ಮೆಲ್ಲಗೆ ಹೇಳಿದ: "ಸಾಬ್, ಸಾಕ್ಷಿ ಪೂರಾ ಸಾರಿಸಿಬಿಟ್ಟಾರ. ನಮ್ಮ ಠಾಣಾನೂ ಇಷ್ಟ ಸಾಫ್ ಇಲ್ಲ." ಬೇವಿನ ಬುಡದಲ್ಲಿ ಒಡೆದ ಇಂಡಿಕೇಟರಿನ ಚೂರೊಂದು ಸಿಕ್ಕಿತು. ಇಬ್ಬರು ಪಂಚರ ಸಮಕ್ಷಮ ಪಂಚನಾಮೆ ಬರೆದು ಅದನ್ನು ವಶಕ್ಕೆ ಪಡೆದರು.

14:30. ಗಾಡಿಯವನ ಮನೆ ಹುಮನಾಬಾದಿನ ಮಗ್ಗುಲಿನ ಮಾಣಿಕನಗರದಲ್ಲಿತ್ತು. ಹೆಸರು ಕಲ್ಲಿನಾಥ, ಮೂವತ್ತನಾಲ್ಕು ವರ್ಷ. ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಿಗೆ ಡ್ರಮ್ಮುಗಳನ್ನು ಸಾಗಿಸುವ ಸ್ವಂತ ಪಿಕಪ್. ತಲೆ, ಮೀಸೆ ಎರಡನ್ನೂ ಬೋಳಿಸಿಕೊಂಡಿದ್ದ.

"ತಲಿ ಯಾಕ ಬೋಳಿಸಿದಿ?"

"ನನ್ನ ಕೈಲೆ ಜೀವ ಹೋಗ್ಯಾದ್ರಿ. ಸೂತಕ ಹಿಡದೇನಿ."

"ಆವತ್ತ ಮುಂಜಾನಿ ರೋಡಿನ್ಯಾಗ ಕುರಿಯವನ್ನ ನೋಡಿದಿ?"

"ಇಲ್ರಿ."

ಮುಂದಿನ ಬಂಪರ್ ಒಳಗೆ ಬಾಗಿತ್ತು. ಎಡಗಡೆಯ ಇಂಡಿಕೇಟರ್ ಇರಲಿಲ್ಲ. ಇಡೀ ಗಾಡಿಯಿಂದ ಬ್ಲೀಚಿಂಗ್ ಪೌಡರಿನ ವಾಸನೆ ಮೂಗಿಗೆ ಹೊಡೆಯುತ್ತಿತ್ತು.

"ಯಾಕ ತೊಳದಿ?"

"ದೇವರ ರಕ್ತರಿ. ಅದರ ಮ್ಯಾಲ ಹ್ಯಾಂಗ ಗಾಡಿ ಹೊಡೀಲಿ?"

"ದೇವರ ರಕ್ತಕ್ಕ ಬ್ಲೀಚಿಂಗ್ ಪೌಡರ್?"



ಕಲಬುರಗಿಯಿಂದ ವೈಜ್ಞಾನಿಕ ಅಧಿಕಾರಿ ಧನಶ್ರೀ 17:10ಕ್ಕೆ ಬಂದಳು. ನಂಬರ್ ಪ್ಲೇಟು ಬಿಚ್ಚಿಸಿ, ಬೋಲ್ಟಿನ ಹಿಂದೆ ನೀರು ಅಷ್ಟಾಗಿ ತಾಗದ ಸಂದಿಯಲ್ಲಿ ಕಂದು ಕಲೆಯೊಂದನ್ನು ಹುಡುಕಿದಳು. ಹತ್ತಿಗೆ ಒರೆಸಿ, ದ್ರಾವಣದಲ್ಲಿ ಅದ್ದಿ, ಪರೀಕ್ಷೆಯ ಪಟ್ಟಿಯ ಮೇಲೆ ಮೂರು ಹನಿ ಹಾಕಿದಳು. ಮನುಷ್ಯನ ರಕ್ತವಾದರೆ ಎರಡು ಗೆರೆ, ಅಲ್ಲವಾದರೆ ಒಂದು. ಐದು ನಿಮಿಷದಲ್ಲಿ ಎರಡನೆಯ ಗೆರೆ ಮಸುಕಾಗಿ ಮೂಡಿತು.

ಗೋವರ್ಧನನಿಗೆ ಅಷ್ಟೇ ಸಾಕಾಯಿತು. ಕಲ್ಲಿನಾಥನ ಕಪಾಳಕ್ಕೆ ಬಿಗಿದ. "ಎಲ್ಲಿ ಒಗದಿ ಹೇಳೋ ಮಗನಾ!" ಎನ್ನುತ್ತ ಮತ್ತೊಂದು ಬಿಗಿದ. ಕಲ್ಲಿನಾಥ ಗಾಡಿಗೆ ಆತು ನಿಂತ. ಕೈ ಅಡ್ಡ ಹಿಡಿಯಲಿಲ್ಲ. "ಹೊಡೀರಿ" ಎಂದ, ಅಷ್ಟೇ.

"ಸರ್, ಬಿಡ್ರಿ!" ಧನಶ್ರೀ ನಡುವೆ ಬಂದಳು. "ಈ ಪಟ್ಟಿ ಮಂಗ್ಯಾನ ರಕ್ತಕ್ಕೂ ಎರಡು ಗೆರಿ ತೋರಸ್ತದ."

"ಏನಂದ್ರಿ?"

"ಇದು ರಕ್ತದಾಗಿನ ಹಿಮೋಗ್ಲೋಬಿನ್ ಅನ್ನೋ ಪ್ರೋಟೀನ್ ಹಿಡೀತದ. ನಮ್ಮದು, ಮಂಗ್ಯಾಂದು ಭಾಳ ಹತ್ತಿರದ ನಂಟು. ಪಟ್ಟಿಗಿ ಫರಕ ತಿಳಿಯಂಗಿಲ್ಲ. ಕುರಿ, ಎಮ್ಮಿ, ನಾಯಿ ಅಲ್ಲ ಅಂತ ಹೇಳಬಹುದು. ಮನುಷ್ಯಾಂದೇ ಅಂತ ಈಗ ಹೇಳಾಕ ಬರಂಗಿಲ್ಲ."

"ಹಂಗಾದ್ರ ಇದು ಯಾತಕ್ಕ ಬೇಕು?"

"ಊರಾಗ ಮಂಗ್ಯಾ ಸತ್ತಿಲ್ಲ ಅಂದ್ರ ಸಾಕಾಗ್ತದ ಸರ್. ಇಲ್ಲಿ ಸತ್ತದ."

ಕಲ್ಲಿನಾಥನನ್ನು ಠಾಣೆಗೆ ಕರೆತಂದು ಕೂರಿಸಿದರು. 18:40ರ ಹೊತ್ತಿಗೆ ಜಾಂಬಳವಾಡಿಯಿಂದ ಐವತ್ತು ಜನ ಬಂದು ಠಾಣೆಯ ಮುಂದೆ ನಿಂತಿದ್ದರು. ಅವರ ಮುಂದಾಳು ಹನುಮಂತ ದೇವರ ಗುಡಿಯ ಹಿರಿಯ ದಿಗಂಬರ. ಅರವತ್ತೈದು ದಾಟಿದ, ಮಾತಿಗೆ ಜಗ್ಗದ ಆಸಾಮಿ.

"ರೋಡಿನ್ಯಾಗ ದಿನಾ ಹತ್ತು ಜೀವ ಸಾಯ್ತಾವ, ಯಾರರೆ ನಿಂದ್ರತಾರೇನ್ರಿ? ಇವ ನಿಂತ. ಹೊತ್ತು ತಂದ. ನನ್ನ ಪಾಪ ಅಂದ. ಪಾಪ ಒಪ್ಪಿಕೊಂಡವನ ಕಪಾಳಕ್ಕ ಹೊಡದೀರಿ ಸಾಹೇಬ್ರ, ಮುಚ್ಚಿಟ್ಟವರಿಗಿ ಖುರ್ಚಿ ಹಾಕಿ ಕುಂಡ್ರಸ್ತೀರಿ."

ಕರೆದಾಗ ಬರಬೇಕು ಎಂದು ಬರೆಸಿಕೊಂಡು ಗೋವರ್ಧನ ಕಲ್ಲಿನಾಥನನ್ನು ಬಿಟ್ಟ. ಗಾಡಿಯನ್ನು ಮಾತ್ರ ಠಾಣೆಯಲ್ಲೇ ಇರಿಸಿಕೊಂಡ.

ಮರುದಿನ ಫೋನ್ ಕಂಪನಿಯಿಂದ ವರದಿ ಬಂತು. ಪಂಡರಿಯ ಫೋನ್ ಶನಿವಾರ 6:31ಕ್ಕೆ ಬಂದ್ ಆದದ್ದು ಹುಮನಾಬಾದ್ ಟವರಿನ ಕೆಳಗೆ. ಚಹಾ ತರಲು ಡಬರಿ ಹಿಡಿದು ಹೊರಟವನು ಒಂದು ತಾಸಿನಲ್ಲಿ ಹುಮನಾಬಾದಿನಲ್ಲಿ ಏಕಿದ್ದ? ಗೋವರ್ಧನ ಧನಶ್ರೀಗೆ ಫೋನ್ ಮಾಡಿ ಬಂಪರಿನ ರಕ್ತ ಯಾರದೆಂದು ಖಚಿತವಾಗಿ ಹೇಳಲು ಏನು ಬೇಕು ಎಂದ. ಆ ಮಂಗನ ರಕ್ತವೇ ಬೇಕು, ಎರಡನ್ನೂ ಮಗ್ಗುಲಿಗಿಟ್ಟು ನೋಡಬೇಕು ಎಂದಳು.

ಫೆಬ್ರುವರಿ 12, ಬುಧವಾರ, ಬೆಳಿಗ್ಗೆ 8:00. ತಹಶೀಲ್ದಾರರು, ಅರಣ್ಯ ಇಲಾಖೆಯ ಒಬ್ಬ ಸಿಬ್ಬಂದಿ, ಇಬ್ಬರು ಪಂಚರು ಹಾಜರಿದ್ದರು. ಮಂಗನ ಗೋರಿ ಊರಿನ ಹೊರಗೆ, ಹಳ್ಳದ ದಂಡೆಯ ಜಾಲಿಗಿಡಗಳ ಮರೆಯಲ್ಲಿತ್ತು. ಊರವರು ಒಂದು ಷರತ್ತು ಹಾಕಿದ್ದರು: ದೇವರನ್ನು ಕುಣಿಯಿಂದ ಎತ್ತಬಾರದು, ಬೇಕಾದಷ್ಟು ತೆಗೆದುಕೊಂಡು ಮತ್ತೆ ಮುಚ್ಚಬೇಕು. ಗಲಾಟೆ ಬೇಡವೆಂದು ತಹಶೀಲ್ದಾರರು ಒಪ್ಪಿದ್ದರು. ಗೋವರ್ಧನನೂ ಒಪ್ಪಿದ. ಅದು ಅವನ ತಪ್ಪು.

ಒಂದೂವರೆ ಅಡಿ ಅಗೆಯುತ್ತಲೇ ಉಪ್ಪು, ಆಮೇಲೆ ಕೇಸರಿ ಬಟ್ಟೆ ಕಂಡಿತು. ಧನಶ್ರೀ ಅಂಚಿನಲ್ಲಿ ಬೋರಲು ಮಲಗಿ, ಮಂಗನ ಮೂಗಿನ ಬಳಿ ಹೆಪ್ಪುಗಟ್ಟಿದ ರಕ್ತವನ್ನು ಕೆರೆದು ಸೀಸೆಗೆ ಹಾಕಿದಳು. ಅವಳಿಗೆ ನೆರವಾಗಲು ಅಜೀಮುದ್ದೀನ್ ಕುಣಿಯೊಳಗೆ ಕಾಲು ಇಳಿಸಿದ.

"ತುಳೀಬ್ಯಾಡ್ರಿ!" ಊರವರ ನಡುವೆ ನಿಂತಿದ್ದ ಕಲ್ಲಿನಾಥ ಕೂಗಿದ. "ನಿಮ್ಮ ಕಾಲ ಬೀಳತೀನಿ, ಒಳಗ ತುಳೀಬ್ಯಾಡ್ರಿ."

ಊರವರು ಅವನ ಭಕ್ತಿ ಕಂಡು ತಲೆದೂಗಿದರು. ಗೋವರ್ಧನ ಅಜೀಮುದ್ದೀನನಿಗೆ ಮೇಲೆ ಬರುವಂತೆ ಕೈ ಮಾಡಿದ.

ಮಣ್ಣು ಮುಚ್ಚಿದ ಮೇಲೆ ಧೂಳಮ್ಮ ಮುಂದೆ ಬಂದಳು. ಗೋರಿಯ ಮೇಲೆ ಅರಿಶಿನ ಹಾಕಿ, ಮಂಡಿಯೂರಿ, ಹಣೆ ಮುಟ್ಟಿಸಿದಳು. "ಹನುಮಪ್ಪಾ, ನನ್ನ ಗಂಡ ಎಲ್ಲಿದ್ದಾನ ತೋರಸಪ್ಪಾ. ಇದ್ರ ಇದ್ದಂಗ ತೋರಸು, ಇಲ್ಲಂದ್ರ ಇಲ್ಲದಂಗ ತೋರಸು. ಹಿಂಗ ಇಡಬ್ಯಾಡ."

ಕಲ್ಲಿನಾಥ ಕುಸಿದು ಕೂತ. ಯಾರೋ ನೀರು ಕೊಟ್ಟರು. ಉಪವಾಸ ಇದ್ದಾನೆ ಎಂದರು.

ಆಮೇಲೆ ಹದಿನೈದು ದಿನ. ಧೂಳಮ್ಮ ದಿನಾ ಬೆಳಿಗ್ಗೆ ಬಂದು ಠಾಣೆಯ ಕಟ್ಟೆಯ ಮೇಲೆ ಕೂರುತ್ತಿದ್ದಳು. ಒಂದು ದಿನ ಗೋವರ್ಧನ, "ದಿನಾ ಬಂದ್ರ ಜಲ್ದಿ ಸಿಗ್ತಾನೇನವ್ವಾ?" ಎಂದು ಗದರಿದ. "ಬರದಿದ್ರ ನೀವು ಮರೀತೀರಿ" ಎಂದಳು. ಅದು ನಿಜವೇ ಆಗಿತ್ತು. ಮರುದಿನದಿಂದ ಅವಳಿಗೆ ಒಂದು ಕಪ್ ಚಹಾ ಕೊಡಲು ಹೇಳಿದ.

ಫೆಬ್ರುವರಿ 27, ಗುರುವಾರ, 11:00. ಕಲಬುರಗಿ. ಧನಶ್ರೀ ಮೇಜಿನ ಮೇಲೆ ಒಂದು ಹಾಳೆ ಹರಡಿದಳು. ಅದರ ತುಂಬ ಇಂಗ್ಲಿಷ್ ಅಕ್ಷರಗಳ ಸಾಲು, ಒಂದರ ಕೆಳಗೆ ಒಂದು.

"ಬ್ಲೀಚಿಂಗ್ ಪೌಡರ್‌ನಿಂದ ಡಿಎನ್‌ಎ ಕೆಟ್ಟುಹೋಗ್ಯಾದ ಸರ್. ಆದ್ರ ಪ್ರೋಟೀನಿನ ತುಂಡುಗಳು ಒಂದಿಷ್ಟು ಉಳದಾವ. ಪ್ರೋಟೀನ್ ಅಂದ್ರ ಮಣಿಸರ ಇದ್ದಂಗ. ಒಂದೊಂದು ಅಕ್ಷರ ಒಂದೊಂದು ಮಣಿ. ಮ್ಯಾಲಿನ ಸಾಲು ಮನುಷ್ಯಾಂದು. ಎರಡನೇದು ಕರಿಮೂತಿ ಮಂಗ್ಯಾಂದು. ಮೂರನೇದು ಕುರಿ. ನಾಕನೇದು ಎಮ್ಮಿ. ಕೆಂಪು ಬಣ್ಣ ಹಚ್ಚಿದ್ದು ಮನುಷ್ಯಾಂದಕ್ಕಿಂತ ಬ್ಯಾರಿ ಇರೋ ಮಣಿ."

ಕುರಿ, ಎಮ್ಮೆಯ ಸಾಲುಗಳಲ್ಲಿ ಹತ್ತಾರು ಕೆಂಪು. ಮಂಗನ ಸಾಲಿನಲ್ಲಿ ಬೆರಳಲ್ಲಿ ಎಣಿಸುವಷ್ಟೇ. ಅಜೀಮುದ್ದೀನ್ ಬಾಗಿ ಬೆರಳಿಟ್ಟ.

"ಸಾಬ್, ಇದು ಕುರಿ ಕಿವಿ ಕಚ್ಚು ಅಲ್ಲೇನ್ರಿ! ಅಪ್ಪನ ಗುರುತು ಎಲ್ಲಾರಲ್ಲೂ ಅದ. ಬ್ಯಾರಿ ಆದ ಮ್ಯಾಲ ಒಬ್ಬೊಬ್ಬರು ಒಂದೊಂದು ಕಚ್ಚು ಹಾಕ್ಯಾರ. ಮಂಗ್ಯಾ ನಮಗ ಮೈದುನ. ಕುರಿ ದೂರದ ದಾಯಾದಿ."

"ಅಷ್ಟೇ," ಧನಶ್ರೀ ನಕ್ಕಳು. "ನಾ ಎರಡು ವರ್ಷ ಓದಿದ್ದು ನೀವು ಎರಡು ಮಾತಿನ್ಯಾಗ ಮುಗಿಸಿದ್ರಿ." ಆಮೇಲೆ ಐದನೆಯ ಸಾಲನ್ನು ತೋರಿಸಿದಳು. "ಇದು ಬಂಪರಿನ ರಕ್ತ. ತುಂಡು ತುಂಡೇ ಸಿಕ್ಕದ. ಆದ್ರ ಮಂಗ್ಯಾನ ಕಚ್ಚು ಇರಬೇಕಾದ ಎರಡು ಜಾಗ ಸಿಕ್ಕಾವ. ಎರಡರಾಗೂ ಮಂಗ್ಯಾಂದಿಲ್ಲ. ಮನುಷ್ಯಾಂದೇ ಅದ. ಕುಣ್ಯಾಗಿನ ಮಂಗ್ಯಾನ ರಕ್ತದಾಗ ಎರಡೂ ಕಚ್ಚು ಅದಾವ."

"ಅಂದ್ರ?"

"ಅಂದ್ರ ಆ ಬಂಪರಿಗಿ ಹತ್ತಿದ್ದು ಮನುಷ್ಯಾನ ರಕ್ತ ಸರ್. ಬರದು ಕೊಡತೀನಿ."

ಹಿಂದಿರುಗುವಾಗ ಜೀಪಿನಲ್ಲಿ ಗೋವರ್ಧನ ಒಂದೇ ಪ್ರಶ್ನೆ ಕೇಳಿದ. "ಗಾಡಿಗೆ ಸಿಕ್ಕಿದ್ದು ಮನುಷ್ಯಾ. ಹಂಗಾದ್ರ ಆ ಮಂಗ್ಯಾ ಎಲ್ಲಿಂದ ಬಂತು ಅಜೀಮ್?"

"ಹುಮನಾಬಾದದಾಗ ಮಂಗ್ಯಾ ಸಾಯೋದು ಒಂದೇ ಕಡಿ ಸಾಬ್. ಟ್ರಾನ್ಸ್‌ಫಾರ್ಮರ್ ಮ್ಯಾಲ."

ಫೆಬ್ರುವರಿ 28, ಶುಕ್ರವಾರ, 11:15. ಕೈಗಾರಿಕಾ ಪ್ರದೇಶದ ಲೈನ್‌ಮನ್ ನೆನಪು ಮಾಡಿಕೊಂಡ. ಆ ಶನಿವಾರ ಎಂಟರ ಸುಮಾರಿಗೆ ಒಂದು ಮಂಗ್ಯಾ ಕರೆಂಟ್ ಹೊಡೆದು ಬಿದ್ದಿತ್ತು. "ಒಬ್ಬ ಪಿಕಪ್‌ನವ ಬಂದ್ರಿ. ನಾ ಮಣ್ಣು ಮಾಡತೀನಿ, ನನಗ ಕೊಡ್ರಿ ಅಂದ. ಅಳಾಕತ್ತಿದ್ದ. ಎಂಥಾ ದೊಡ್ಡ ಮನಸು ಅಂತ ನಾನೇ ಎತ್ತಿ ಕೊಟ್ಟೆ."

"ಎಲ್ಲಿ ಇಟ್ಟಿ? ಹಿಂದ?"

"ಇಲ್ರಿ, ಹಿಂದ ಡ್ರಮ್ಮು ಮುಚ್ಚೋ ತಾಡಪತ್ರಿ ಬಿಗದಿದ್ದ. ಮುಂದ, ಅವನ ಬಾಜೂ ಸೀಟಿಗಿ ಕುಂಡ್ರಿಸಿದೆ."

14:00. ಹನುಮಂತ ದೇವರ ಗುಡಿ. ದಿಗಂಬರ ಗೋವರ್ಧನನನ್ನು ಕಂಡು ಮುಖ ತಿರುಗಿಸಿದ.

"ಕುಣಿ ಯಾರು ತೋಡಿದ್ರು?"

"ಅವನೇ. ಒಬ್ಬನೇ."

"ಊರಾಗ ಮಂದಿ ಇರಲಿಲ್ಲೇನು?"

"ಇದ್ರು. ಪಾಪ ನಂದು, ಕುಣಿ ನಾನೇ ತೋಡತೀನಿ, ಯಾರೂ ಕೈ ಹಚ್ಚಬ್ಯಾಡ್ರಿ ಅಂದ. ಖರೇ ಅನಸ್ತು. ಅಂಥ ಕುಣಿ ಪಾಪ ಮಾಡಿದವನೇ ತೋಡಬೇಕು. ನಾವು ಗುಡ್ಯಾಗ ಭಜನಿ ಮಾಡಿಕೋತ ಕುಂತಿವಿ. ಆ ಕಡಿ ಹಾಯಬ್ಯಾಡ್ರಿ ಅಂತ ಹೆಣ್ಮಕ್ಕಳಿಗೂ ಹೇಳಿದೆ."

"ಎಷ್ಟಕ್ಕ ಹೋದ?"

"ಹನ್ನೆರಡಕ್ಕ. ನಾಕಕ್ಕ ಬಂದು ಕರದ."

"ನೀವು ಹೋಗಿ ನೋಡಿದಾಗ ಎಷ್ಟು ಆಳ ಇತ್ತು?"

"ನಡುಮಟ."

"ಗಾಡಿ?"

"ಕುಣಿ ದಂಡಿಗಿ ಹಿಂದಕ್ಕ ಹಚ್ಚಿ ನಿಲ್ಲಿಸಿದ್ದ."

"ಹಳ್ಳದ ದಂಡಿ ಮೆತ್ತಗಿನ ಮಣ್ಣು. ನಡುಮಟ ತೋಡಾಕ ನಾಕು ತಾಸು ಬೇಕೇನು ಯಜಮಾನ್ರ?"

ದಿಗಂಬರ ಗುಡಿಯ ಮೆಟ್ಟಿಲಿನ ಮೇಲೆ ಕೂತು, ತಲೆಗೆ ಸುತ್ತಿದ ಪಟಗ ತೆಗೆದು ತೊಡೆಯ ಮೇಲಿಟ್ಟುಕೊಂಡ. "ನಾನೇ ಬಿಟ್ಟೆ" ಎಂದ. "ಯಾರಿಗೂ ಹೋಗಗೊಡಲಿಲ್ಲ. ನಾನೇ."

ಗೋವರ್ಧನನಿಗೂ ಅವನಿಗೆ ಹೇಳುವ ಮುಖ ಇರಲಿಲ್ಲ. ಅದೇ ಕುಣಿಯ ಅಂಚಿನಲ್ಲಿ ಅರ್ಧ ತಾಸು ನಿಂತು, ಮುಚ್ಚಿಸಿ ಬಂದವನು ಅವನು.

15:50. ಮಾಣಿಕನಗರ. ಕಲ್ಲಿನಾಥ ಹೊಸ್ತಿಲಲ್ಲಿ ಕೂತಿದ್ದ. ಜೀಪ್ ಕಂಡು ತಾನೇ ಎದ್ದು ಚಪ್ಪಲಿ ಮೆಟ್ಟಿದ.

"ಮಂಗ್ಯಾನ ಕೆಳಗ ಯಾರದಾರ?"

"ಪಂಡರಿ ಅಣ್ಣ."

"ಮೊದಲೇ ಪರಿಚಯ ಇತ್ತೇನು?"

"ದಿನಾ ಆ ದಾರೀಲೆ ಹೋಗತಿದ್ದೆ. ಕುರಿ ದಾಟೂತನ ನಿಂದರತಿದ್ದೆ. ಕೋಲು ಎತ್ತಿ ಹೋಗು ಅಂತಿದ್ದ."

ಬಂಧನದ ಜ್ಞಾಪನ ಪತ್ರ 16:05ಕ್ಕೆ ಬರೆಯಲಾಯಿತು. ಕಾಣೆ ಪ್ರಕರಣವನ್ನು ಬದಲಿಸಿ, ಅಜಾಗರೂಕ ಚಾಲನೆ, ನಿರ್ಲಕ್ಷ್ಯದಿಂದ ಸಾವು, ಸಾಕ್ಷ್ಯನಾಶದ ಆರೋಪದ ಮೇರೆಗೆ ಎಫ್‌ಐಆರ್ ದಾಖಲಾಯಿತು.

ಮಾರ್ಚ್ 1, ಶನಿವಾರ, ಬೆಳಿಗ್ಗೆ 7:30. ದಿಗಂಬರನೇ ಮೊದಲು ಕುಣಿಗೆ ಇಳಿದು ಮಂಗನನ್ನು ಎತ್ತಿ ಬಾಳೆಎಲೆಯ ಮೇಲಿಟ್ಟ. ಅದರ ಕೆಳಗೆ ಎರಡೂವರೆ ಅಡಿ ಮಣ್ಣು, ಆಮೇಲೆ ಕರಿ ಕಂಬಳಿ. ಹೆಣವನ್ನು ಅಂಗಾತ ಮಲಗಿಸಿ, ದಕ್ಷಿಣಕ್ಕೆ ತಲೆ ಮಾಡಿ, ಬಾಯಿಯವರೆಗೆ ಕಂಬಳಿ ಹೊದಿಸಲಾಗಿತ್ತು. ಹಣೆಯ ಬಳಿ ಭಂಡಾರದ ಅರಿಶಿನ ಪುಡಿ ಇತ್ತು. ಮಗ್ಗುಲಲ್ಲಿ ಕೋಲು, ನುಗ್ಗಾದ ಡಬರಿ.

"ಇವನಿಗಿ ಎಲ್ಲಾ ಮಾಡ್ಯಾನ ಸಾಬ್," ಅಜೀಮುದ್ದೀನ್ ಅಂದ. ಪಂಚನಾಮೆ ಬರೆಯುತ್ತಿದ್ದ ಸರಿತಾ ಅದನ್ನು ಬರೆಯಲಿಲ್ಲ. ಧೂಳಮ್ಮ ಕಂಬಳಿಯ ಅಂಚು ಮುಟ್ಟಿ, "ನಂದೇ ಹೊಲಿಗಿ" ಎಂದು ಗುರುತಿಸಿದಳು.

12:10ಕ್ಕೆ ಠಾಣೆಯಲ್ಲಿ ಕಲ್ಲಿನಾಥನ ಹೇಳಿಕೆ ಶುರುವಾಯಿತು. ಸರಿತಾ ಬರೆಯುತ್ತಿದ್ದಳು.

"ಕಣ್ಣು ಜರಾ ಹತ್ತಿತ್ತು. ಸಪ್ಪಳಕ್ಕ ಎಚ್ಚರಾತು. ಇಳದು ನೋಡಿದ್ರ ಪಂಡರಿ ಅಣ್ಣ. ಮಾತಾಡಾಕತ್ತಿದ್ದ. ಎತ್ತಿ ಗಾಡ್ಯಾಗ ಹಾಕಿದೆ. ಹುಮನಾಬಾದ ಸರ್ಕಾರಿ ದವಾಖಾನಿಗಿ ಒಯ್ದೆ."

"ಒಯ್ದಿ?" ಗೋವರ್ಧನ ತಲೆ ಎತ್ತಿದ. "ಒಯ್ದ ಮ್ಯಾಲ ಯಾಕ ಒಳಗ ಹೋಗಲಿಲ್ಲ?"





"ಗೇಟಿನ್ಯಾಗ ನೀವು ಇದ್ರಿ, ಸಾಹೇಬ್ರ."

ಸರಿತಾಳ ಪೆನ್ನು ನಿಂತಿತು.

"ಒಬ್ಬ ಆಟೋದವ ಯಾರನ್ನೋ ಹೊತ್ತು ತಂದಿದ್ದ. ಅವನ ಅಂಗೀ ತುಂಬ ರಕ್ತ. ನಾ ಹೊಡದಿಲ್ರಿ, ರೋಡಿನ್ಯಾಗ ಬಿದ್ದಿದ್ದ, ತಂದೇನ್ರಿ ಅಂತ ಕೈ ಮುಗದು ಹೇಳಾಕತ್ತಿದ್ದ. ನೀವು ಹೊಡ್ಯಾಕತ್ತಿದ್ರಿ. ಅವಾ ಏನೂ ಮಾಡಿರಲಿಲ್ಲೋ ಏನೋ. ನಾ ಮಾಡಿದ್ದೆ. ನನಗೇನು ಮಾಡತಾರ ಅಂತ ಮುಂದಕ್ಕ ಹೊಡದೆ. ಒಂದು ಸುತ್ತು ಹಾಕಿ ಬಂದೆ, ಅಲ್ಲೇ ಇದ್ರಿ. ಮತ್ತೊಂದು ಸುತ್ತು ಹಾಕಿದೆ. ಅಷ್ಟರಾಗ ಅವನ ಕಿಸೇದಾಗಿನ ಫೋನ್ ಬಡಕೊಂತು. ತಗದು ಬಂದ್ ಮಾಡಿದೆ. ಮೂರನೇ ಸಲ ಬಂದಾಗ ಜೀಪ್ ಇರಲಿಲ್ಲ. ಇಳದು ನೋಡಿದೆ. ಪಂಡರಿ ಅಣ್ಣನೂ ಇರಲಿಲ್ಲ."

ಗೋವರ್ಧನನಿಗೆ ಆ ಬೆಳಗು ನೆನಪಾಯಿತು. ರಾತ್ರಿ ಗಸ್ತು ಮುಗಿಸಿ, ರಕ್ತದೊತ್ತಡದ ಗುಳಿಗೆಗೆಂದು ಅಲ್ಲಿ ನಿಂತಿದ್ದ. ಆಟೋದವನ ತಪ್ಪಿಲ್ಲ ಎಂದು ಅದೇ ದಿನ ಹತ್ತು ಗಂಟೆಗೆ ಗಾಯಾಳುವೇ ಹೇಳಿದ್ದ. ಹೋಗಲಿ ಬಿಡು ಎಂದು ಗೋವರ್ಧನ ತಿಂಡಿಗೆ ಎದ್ದಿದ್ದ. ಆಟೋದವನ ಹೆಸರು ಕೂಡ ಅವನಿಗೆ ತಿಳಿದಿರಲಿಲ್ಲ.

"ಯಾವುದೂ ತಿಳೀಲಿಲ್ರಿ ಆಮ್ಯಾಲ," ಕಲ್ಲಿನಾಥ ಹೇಳುತ್ತಿದ್ದ. "ಹಳ್ಳಕ್ಕ ಒಗದು ಹೋಗಬಹುದಿತ್ತು. ನಾಯಿ ತಿಂತಾವ ಅನಸ್ತು. ಮಂಗ್ಯಾ ಬಿದ್ದಿದ್ದು ನೋಡಿದೆ. ಇದಕ್ಕ ಊರೆಲ್ಲಾ ಅಳತದ, ಭಜನಿ ಮಾಡತದ. ಅವನ ಊರಾಗ, ಅವನ ಮಂದಿ ಕೈಲೇನೇ ಅವನಿಗಿ ಮಣ್ಣು ಸಿಗ್ತದ ಅಂತ..."

ಸರಿತಾ ಮೆಲ್ಲಗೆ ಕೇಳಿದಳು. "ಸರ್, ಆ ಗೇಟಿನ ಮಾತು... ಅದನ್ನೂ ಬರೀಲೇನ್ರಿ?"



"ಬರಿ. ನನ್ನ ಹೆಸರು ಹಾಕಿ ಬರಿ."

16:20ಕ್ಕೆ ಶವಪರೀಕ್ಷೆಯ ಪ್ರಾಥಮಿಕ ವರದಿ ಬಂತು. ಹೊರಗೆ ತರಚು ಗಾಯಗಳು, ಒಳಗೆ ಗುಲ್ಮ ಒಡೆದು ಹೊಟ್ಟೆಯೊಳಗೆ ರಕ್ತಸ್ರಾವ. ಗಾಯವಾದ ಮೇಲೆ ಒಂದು ತಾಸಿನಷ್ಟು ಹೊತ್ತು ಜೀವ ಇದ್ದಿರಬಹುದು. ಅಪಘಾತವಾದ ಜಾಗದಿಂದ ಆಸ್ಪತ್ರೆಯ ಗೇಟಿಗೆ ಇಪ್ಪತ್ತೈದು ನಿಮಿಷದ ದಾರಿ.

ಹೆಣ ಪಡೆದುಕೊಂಡ ರಸೀದಿಗೆ ಹೆಬ್ಬೆಟ್ಟು ಒತ್ತಲು ಧೂಳಮ್ಮ ಒಳಗೆ ಬಂದಳು. ಮೇಜಿನ ಮುಂದೆ ನಿಂತು ಕೇಳಿದಳು: "ದವಾಖಾನಿತನ ಒಯ್ದಿದ್ದನಂತ. ಒಳಗ್ಯಾಕ ಒಯ್ಲಿಲ್ರಿ?"

ಅಜೀಮುದ್ದೀನ್ ಏನೋ ಹೇಳಹೋದ. ಗೋವರ್ಧನ ಕೈ ಎತ್ತಿ ತಡೆದ. ಎದ್ದು ನಿಂತ.

"ಗೇಟಿನ್ಯಾಗ ನಾ ನಿಂತಿದ್ದೆ, ಯವ್ವಾ. ಒಬ್ಬವಗ ಹೊಡ್ಯಾಕತ್ತಿದ್ದೆ. ಅದನ್ನ ನೋಡಿ ಅಂಜಿ ಹೊಳ್ಳಿ ಹೋದ. ಮೂರು ಸಲ ಬಂದಾನ."

"ಮೂರು ಸಲ?"

"ಹೂಂ."

"ಆವಾಗ ಇವರಿಗಿ ಜೀವ ಇತ್ತೇನ್ರಿ?"

"ಎರಡು ಸಲ ಇತ್ತು."

ಧೂಳಮ್ಮ ಅವನ ಮುಖವನ್ನೇ ನೋಡಿದಳು. ಅವನು ಕಣ್ಣು ತಪ್ಪಿಸಲಿಲ್ಲ. ಆಮೇಲೆ ಅವಳು ಮೇಜಿನ ಮೇಲಿದ್ದ ಮಸಿಯ ಡಬ್ಬಿಯನ್ನು ತಾನೇ ಎಳೆದುಕೊಂಡು, ಹೆಬ್ಬೆರಳು ಅದ್ದಿ, ಸರಿತಾ ತೋರಿಸಿದ ಜಾಗದಲ್ಲಿ ಒತ್ತಿದಳು.